ಕಳೆಯೆಂದು ಕೊಯ್ದ ಹುಲ್ಲಿನೊಡನೆ ಹೋಗುವ ಚಿಟ್ಟೆ

ಚಿಟ್ಟೆಗಳ ಸಂರಕ್ಷಣೆಯೆಂದೊಡನೆ ಮಲೆನಾಡಿನ ನಮಗೆ ನೆನಪಾಗುವುದು ಸದರ್ನ್ ಬರ್ಡ್‌ವಿಂಗ್. ಅದು ನಮ್ಮ ರಾಜ್ಯದ ಚಿಟ್ಟೆ. ಈಶ್ವರಿ ಬಳ್ಳಿಯ ಜಾತಿಯ ಗಿಡಗಳನ್ನು ನಂಬಿ ಬದುಕುವಂಥದು. ಅದಕ್ಕೆ ಸಲ್ಲುವ ಗೌರವದ ಬಗ್ಗೆ ತಕರಾರಿಲ್ಲ. ಆದರೆ ಅಪರೂಪದ್ದು ಮಾತ್ರವೇ ಉಳಿಸಲು ಯೋಗ್ಯವೆಂಬ ನಮ್ಮ ಎಣಿಕೆ ಸರಿಯಲ್ಲ. ಇದಕ್ಕೆ ಬೆಂಗಳೂರಿನ ಹಳೆಯ ಬಡಾವಣೆಗಳ ಒಂದು ಸಾಧಾರಣ ಚಿಟ್ಟೆಯೇ ಸಾಕ್ಷಿ.

ಸ್ಕಿಪರ್ ಕುಟುಂಬದ ಈ ಚಿಟ್ಟೆಗೆ ಸ್ಮಾಲ್ ಬ್ರ್ಯಾಂಡೆಡ್ ಸ್ವಿಫ್ಟ್ ಎಂದು ಹೆಸರು. ಕಂದು ಮೈ, ರೆಕ್ಕೆಯಲ್ಲಿ ಬಿಳಿಯ ಅರೆಪಾರದರ್ಶಕ ಚುಕ್ಕೆಗಳು, ಕೊಕ್ಕೆಯಂತೆ ಬಾಗಿದ ಮೀಸೆ. ಪತಂಗವೆಂದು ಬಗೆದು ಮುಂದೆ ಹೋಗುವವರೇ ಹೆಚ್ಚು. ಫ್ಯಾಬ್ರಿಷಿಯಸ್ 1798ರಲ್ಲಿ ಇದಕ್ಕೆ ಮಥಿಯಾಸ್ ಎಂಬ ಹೆಸರಿಟ್ಟನು. ಚೀನಾ, ಜಪಾನ್ ಕಡೆಯದನ್ನು ಓಬರ್ಥೂರಿ ಎಂಬ ಉಪಜಾತಿಯಾಗಿ ಎಣಿಸುತ್ತಾರೆ. ನಮ್ಮದು ಪೆಲೋಪಿಡಾಸ್ ಮಥಿಯಾಸ್ ಮಥಿಯಾಸ್. ಬಸವನಗುಡಿಯಲ್ಲಿ ಹಾರುವುದೂ ನಮ್ಮ ಗದ್ದೆಯ ಬದುವಿನಲ್ಲಿ ಹಾರುವುದೂ ಅದೇ ಉಪಜಾತಿ. ನೆಲಮೂಲದ ವಿಶಿಷ್ಟ ತಳಿಯೆಂದು ಅರ್ಜಿ ಬರೆಯಲು ಇಲ್ಲಿ ಆಸ್ಪದವಿಲ್ಲ!

ಇದರ ಮರಿ ಹುಲ್ಲನ್ನೇ ತಿನ್ನುತ್ತದೆ. ಭತ್ತ, ಕಬ್ಬುಗಳೂ ಅದಕ್ಕೆ ಹುಲ್ಲೇ. ತಾಯಿ ಎಲೆಯ ಮೇಲೆ ಬಿಡಿಬಿಡಿಯಾಗಿ ಮೊಟ್ಟೆಯಿಡುತ್ತದೆ. ಹಸಿರು ಹುಳು ಎಲೆಯ ಅಂಚುಗಳನ್ನು ನೂಲಿನಿಂದ ಸೇರಿಸಿ ಕೊಳವೆ ಮಾಡಿಕೊಂಡು ಅಡಗಿರುತ್ತದೆ. ಕೋಶವೂ ಹುಲ್ಲಿನ ಮೇಲೆಯೇ. ನಾಲ್ಕು ಅವಸ್ಥೆಗಳಲ್ಲಿ ಮೂರು ಹುಲ್ಲಿನಲ್ಲಿ ಕಳೆಯುವುದರಿಂದ, ಯಂತ್ರ ಒಮ್ಮೆ ಹಾದುಹೋದರೆ ಆ ಮೂರೂ ಒಟ್ಟಿಗೆ ಕಸದ ಗಾಡಿ ಸೇರುತ್ತವೆ. ಇಲ್ಲಿ ವಿಷದ ಅಗತ್ಯವೂ ಇಲ್ಲ.

1892ರಲ್ಲಿ ಚಾಮರಾಜಪೇಟೆ ರೂಪುಗೊಂಡಿತು. 1898ರ ಪ್ಲೇಗಿನ ನಂತರ ಜನ ಗಾಳಿ ಬೆಳಕು ಬಯಸಿ ಬಸವನಗುಡಿ, ಮಲ್ಲೇಶ್ವರಗಳಿಗೆ ಬಂದರು. ಕಾಂಪೌಂಡು, ಮನೆಗಳ ಹಿಂದಿನ ಓಣಿ, ಉದ್ಯಾನ ಇವೆಲ್ಲದರಲ್ಲೂ ಯಾರೂ ನೆಡದ ಹುಲ್ಲು ಬೆಳೆಯುತ್ತಿತ್ತು. ಈಗ ಅನೇಕ ಓಣಿಗಳು ಕಾಂಕ್ರೀಟಾಗಿವೆ, ಕಾಂಪೌಂಡುಗಳು ವಾಹನ ನಿಲ್ಲಿಸುವ ಜಾಗವಾಗಿವೆ. ಉದ್ಯಾನದಲ್ಲಿ ಬೆರಳುದ್ದ ಮೀರದಂತೆ ಕತ್ತರಿಸಿದ ಲಾನನ್ನೇ ಹಸಿರು ಎನ್ನುತ್ತಾರೆ. ಬ್ಯೂಗಲ್ ರಾಕ್‌ನಂಥ ಬಂಡೆಗಳ ಸಂದಿಯಲ್ಲಿ ಮಾತ್ರ ಮಳೆಗಾಲಕ್ಕೆ ಹುಲ್ಲು ತಲೆಯೆತ್ತುತ್ತದೆ.

ಹುಲ್ಲು ಬೆಳೆದರೆ ಹಾವು ಬರುತ್ತದೆಂಬ ನಿವಾಸಿಗಳ ಆತಂಕ ಸುಳ್ಳಲ್ಲ. ಮಕ್ಕಳು ಆಡುವಲ್ಲಿ ಕತ್ತರಿಸಲಿ. ಸೊಳ್ಳೆಯ ನೆಪ ಮಾತ್ರ ಬೇಡ. ಅದು ಮೊಟ್ಟೆಯಿಡುವುದು ನಿಂತ ನೀರಿನಲ್ಲಿ. ಮೊಟ್ಟೆ ಚಿಟ್ಟೆಯಾಗಲು ಒಂದು ತಿಂಗಳೋ ತುಸು ಹೆಚ್ಚೋ ಸಾಕು. ಗೋಡೆಯಂಚಿನ ಹುಲ್ಲನ್ನು ಒಂದೇ ದಿನ ಬೋಳಿಸದೆ, ಅರ್ಧ ಈಗ, ಉಳಿದರ್ಧ ಎರಡು ತಿಂಗಳ ನಂತರ ಕೊಯ್ದರೆ ಪಾಲಿಕೆಗೆ ಖರ್ಚು ಹೆಚ್ಚುವುದಿಲ್ಲ.

ನಗರದವರನ್ನು ಆಕ್ಷೇಪಿಸುವ ನಾವು ಮಾಡುತ್ತಿರುವುದೇನು? ಗದ್ದೆಯ ಬದುವಿಗೂ ಅಡಿಕೆ ತೋಟಕ್ಕೂ ಕಳೆನಾಶಕ ಸಿಂಪಡಿಸುವುದು ನಮ್ಮಲ್ಲೂ ರೂಢಿಯಾಗಿದೆ. ಬದುವಿನ ಹುಲ್ಲನ್ನು ಕತ್ತಿಯಲ್ಲಿ ಕೊಯ್ದು ದನಕ್ಕೆ ಹಾಕುತ್ತಿದ್ದಾಗ ಒಂದಿಷ್ಟು ಉಳಿಯುತ್ತಿತ್ತು, ಸಿಂಪಡಿಸಿದಲ್ಲಿ ಉಳಿಯುವುದಿಲ್ಲ. ಬೆಂಗಳೂರಿನಲ್ಲಿ ಓದುತ್ತಿರುವ ನಮ್ಮ ವಿದ್ಯಾರ್ಥಿಗಳು ಮಳೆಗಾಲದ ಕೊನೆಯಲ್ಲಿ ಬ್ಯೂಗಲ್ ರಾಕ್‌ನ ಹುಲ್ಲಿನಲ್ಲಿ ಮಡಚಿದ ಎಲೆಗಳನ್ನು ಹುಡುಕಲಿ; ಊರಿಗೆ ಬಂದಾಗ ಬದುವಿನಲ್ಲೂ ಹುಡುಕಿ, ಎರಡು ಕಡೆಯ ಎಣಿಕೆಯನ್ನೂ ಬರೆದಿಡಲಿ.