ಪ್ರೋಟೀನು ಕುಳಿತ ಜಾಗ

ಹೆಗ್ಗಡದೇವನಕೋಟೆಯ ಕಾಡಂಚಿನ ಹಾಡಿಗಳಲ್ಲಿ ವಾಸಿಸುವ ಜೇನುಕುರುಬರೇ ಮೊದಲಾದ ಗಿರಿಜನರಲ್ಲಿ ಒಂದು ರಕ್ತರೋಗವು ತಲೆಮಾರುಗಳಿಂದ ಇಳಿದುಬಂದಿದೆ. ದುಂಡಗಿರಬೇಕಾದ ಕೆಂಪು ರಕ್ತಕಣವು ಕುಡುಗೋಲಿನಂತೆ ಬಾಗಿ, ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡು, ಮೂಳೆಯೊಳಗೆ ಸಹಿಸಲಾಗದ ನೋವನ್ನುಂಟುಮಾಡುತ್ತದೆ. ಇದೇ ಸಿಕಲ್ ಸೆಲ್ ರೋಗ. ನೆರೆಯ ನೀಲಗಿರಿಯ ಗಿರಿಜನರ ರಕ್ತದಲ್ಲಿ ಲೆಹ್ಮನ್ ಮತ್ತು ಕಟ್‌ಬುಷ್ ಇದರ ಕುರುಹನ್ನು 1952ರಲ್ಲಿಯೇ ಕಂಡಿದ್ದರು.

ವಿಚಿತ್ರವೆಂದರೆ, ಈ ರೋಗವನ್ನು ಹೊತ್ತು ಹುಟ್ಟಿದ ಕೂಸೂ ಮೊದಲ ಕೆಲವು ತಿಂಗಳು ಆರೋಗ್ಯವಾಗಿಯೇ ಇರುತ್ತದೆ. ತಾಯಿಯ ಗರ್ಭದಲ್ಲಿ ತಯಾರಾದ ಶಿಶು ಹಿಮೋಗ್ಲೋಬಿನ್ ಅದನ್ನು ಕಾಯುತ್ತದೆ. ಬಳಿಕ ಅದರ ಜೀನು ದೀಪದಂತೆ ಆರಿಹೋಗುತ್ತದೆ. ಆರಿಸುವವರಾರು? ಬಿ.ಸಿ.ಎಲ್.11ಎ ಎಂಬ ಪ್ರೋಟೀನು ಎಂದು ಅಮೆರಿಕದ ಸ್ಟುವರ್ಟ್ ಆರ್ಕಿನ್ ಅವರ ತಂಡವು 2008ರಲ್ಲಿ ತೋರಿಸಿತು. ಆದರೆ ಡಿ.ಎನ್.ಎ.ಯ 300 ಕೋಟಿ ಅಕ್ಷರಗಳ ನಡುವೆ ಅದು ಎಲ್ಲಿ ಕುಳಿತು ಈ ಕೆಲಸ ಮಾಡುತ್ತದೆ?

ಇಂತಹ ಜಾಗವನ್ನು ಹುಡುಕುವ ಉಪಾಯವೊಂದನ್ನು 1978ರಲ್ಲಿ ಗಲಾಸ್ ಮತ್ತು ಷ್ಮಿಟ್ಸ್ ಎಂಬವರು ಹೂಡಿದ್ದರು. ಅಂಗಳದಲ್ಲಿ ಹಂಡೆ ಬೋರಲಾಗಿರುವಾಗ ಮಳೆ ಸುರಿದರೆ ಅದರಡಿಯ ನೆಲ ಒಣಗಿಯೇ ಉಳಿಯುತ್ತದಷ್ಟೆ? ಡಿ.ಎನ್.ಎ.ಯನ್ನು ಕಂಡಕಂಡಲ್ಲಿ ತುಂಡರಿಸುವ ಕಿಣ್ವವೇ ಮಳೆ, ಪ್ರೋಟೀನೇ ಹಂಡೆ. ತುಂಡಾಗದೆ ಉಳಿದ ಭಾಗವೇ ಅದು ಕುಳಿತ ಗುರುತು. ಈ ವಿಧಾನಕ್ಕೆ ಹೆಜ್ಜೆಗುರುತೆಂದೇ ಹೆಸರಾಯಿತು.

ಇದು ಪ್ರನಾಳದ ಮಾತು. ಜೀವಕೋಶದೊಳಗಿನ ಸಂಗತಿ ಬೇಕಾದಾಗ, 1980ರ ದಶಕದಿಂದೀಚೆಗೆ, ಫಾರ್ಮಾಲ್ಡಿಹೈಡಿನಿಂದ ಪ್ರೋಟೀನನ್ನು ಇದ್ದಲ್ಲಿಯೇ ಬಂಧಿಸಿ, ಎಳೆಯನ್ನು ಚೂರುಮಾಡಿ, ಅದೊಂದನ್ನೇ ಗುರುತಿಸುವ ಪ್ರತಿಕಾಯದಿಂದ ಬೇಕಾದ ಚೂರನ್ನು ಹೆಕ್ಕತೊಡಗಿದರು. ಚೂರು ನೂರಾರು ಅಕ್ಷರಗಳಷ್ಟು ಉದ್ದ. ಬೀದಿ ತಿಳಿದರೂ ಮನೆ ತಿಳಿಯದು. 2017ರಲ್ಲಿ ಸ್ಕೀನ್ ಮತ್ತು ಹೆನಿಕಾಫ್ ಪ್ರತಿಕಾಯದ ಬೆನ್ನಿಗೇ ಕತ್ತರಿಸುವ ಕಿಣ್ವವನ್ನು ಕಳುಹಿಸಿ, ಪ್ರೋಟೀನಿನ ಎರಡು ಮಗ್ಗುಲಲ್ಲಿಯೂ ಎಳೆಯನ್ನು ಕತ್ತರಿಸಿ ತೆಗೆದರು. ಮರುವರ್ಷವೇ ಆರ್ಕಿನ್ ತಂಡಕ್ಕೆ ಮನೆ ಸಿಕ್ಕಿತು: ಜೀನಿನ ಆರಂಭಕ್ಕೆ ಸುಮಾರು 115 ಅಕ್ಷರ ಹಿಂದೆ, ಕೇವಲ ಆರು ಅಕ್ಷರ. ಅಲ್ಲಿ ಅಕ್ಷರ ಬದಲಾಗಿ ಹುಟ್ಟಿದ ಕೆಲವರಲ್ಲಿ ಶಿಶು ಹಿಮೋಗ್ಲೋಬಿನ್ ಜೀವಮಾನವಿಡೀ ಉಳಿಯುವುದೇಕೆಂಬ ಹಳೆಯ ಒಗಟೂ ಬಿಡಿಸಿತು.

ಬಿ.ಸಿ.ಎಲ್.11ಎಯನ್ನು ಎಚ್ಚರಿಸುವ ಗಾಟಾ-1 ಎಂಬ ಇನ್ನೊಂದು ಪ್ರೋಟೀನಿಗೂ ಇಂತಹುದೇ ಪೀಠವುಂಟು. ರೋಗಿಯ ರಕ್ತದ ಮೂಲಕೋಶಗಳಲ್ಲಿ ಆ ಪೀಠವನ್ನೇ ಕತ್ತರಿಸಿ, ಶಿಶು ಹಿಮೋಗ್ಲೋಬಿನ್ನನ್ನು ಮತ್ತೆ ಹೊತ್ತಿಸುವ ಚಿಕಿತ್ಸೆಗೆ ಬ್ರಿಟನ್ ಮತ್ತು ಅಮೆರಿಕಗಳು 2023ರಲ್ಲಿ ಅನುಮತಿಯಿತ್ತವು. ಅಮೆರಿಕದಲ್ಲಿ ಆಗ ಗೊತ್ತುಮಾಡಿದ ಬೆಲೆ 22 ಲಕ್ಷ ಡಾಲರು! ಹಾಡಿಯ ಕೂಸಿಗೆ ಎಟುಕುವುದು ಹೈಡ್ರಾಕ್ಸಿಯೂರಿಯಾ ಎಂಬ ಅಗ್ಗದ ಔಷಧ. ಶಿಶು ಹಿಮೋಗ್ಲೋಬಿನ್ನನ್ನು ಅದೂ ಅಷ್ಟಿಷ್ಟು ಹೆಚ್ಚಿಸುತ್ತದೆ.