ಹಿರಿಯರ ಬ್ಯಾಲೆನ್ಸಿಗೆ ಕುದುರೆ ಸವಾರಿ: ಮಂಗಳೂರಿಗೆ ಎಷ್ಟು ಉಪಯೋಗ?

ಮಂಗಳೂರು: ಮಳೆಗಾಲ ಬಂತೆಂದರೆ ವಯಸ್ಸಾದವರಿಗೆ ಜ್ವರದಷ್ಟೇ ಹೆದರಿಕೆ ಜಾರಿ ಬೀಳುವುದರದ್ದು. ಪಾಚಿ ಹಿಡಿದ ಅಂಗಳ, ಅಲುಗಾಡುವ ಚರಂಡಿ ಸ್ಲ್ಯಾಬ್, ಹತ್ತುವ ಮೊದಲೇ ಹೊರಡುವ ಸಿಟಿ ಬಸ್. ಸೊಂಟದ ಮೂಳೆ ಮುರಿದರೆ ಎಷ್ಟೋ ಮಂದಿ ಮತ್ತೆ ಮೊದಲಿನ ಹಾಗೆ ನಡೆಯುವುದೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ. ಅದರಲ್ಲಿ 60 ದಾಟಿದವರೇ ಹೆಚ್ಚು.

ಇದಕ್ಕೆ ಕುದುರೆ ಸವಾರಿ ಮದ್ದು ಅಂತ ಹೇಳುವವರಿದ್ದಾರೆ. ವಿಷಯ ಪೂರ್ತಿ ಬೊಗಳೆ ಅಲ್ಲ. ಕುದುರೆ ನಿಧಾನ ನಡೆಯುವಾಗ ಮೇಲೆ ಕೂತವರ ಸೊಂಟ ಹಿಂದೆ ಮುಂದೆ, ಅಕ್ಕಪಕ್ಕ, ಮೇಲೆ ಕೆಳಗೆ ಆಡುತ್ತದೆ. ಮನುಷ್ಯ ನಡೆಯುವಾಗಲೂ ಹೆಚ್ಚುಕಡಿಮೆ ಹಾಗೆಯೇ. ಪ್ರತಿ ಹೆಜ್ಜೆಗೂ ಬೆನ್ನು, ಹೊಟ್ಟೆಯ ಸ್ನಾಯುಗಳು ದೇಹವನ್ನು ನೇರ ಮಾಡಿಕೊಳ್ಳಲು ಕಲಿಯುತ್ತವೆ. ಪೋಲಿಯೋದಿಂದ ಕಾಲಿನ ಬಲ ಕಳೆದುಕೊಂಡಿದ್ದ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಕುದುರೆ ಸವಾರಿಯಲ್ಲೇ ಬೆಳ್ಳಿ ಗೆದ್ದ ಮೇಲೆ ಈ ಚಿಕಿತ್ಸೆಗೆ ಹೆಸರು ಬಂತು. ದಕ್ಷಿಣ ಕೊರಿಯಾದಲ್ಲಿ ಹಿರಿಯರ ಮೇಲೆ ನಡೆದ ಅಧ್ಯಯನಗಳಲ್ಲೂ ಬ್ಯಾಲೆನ್ಸ್ ಸುಧಾರಿಸಿದೆ. ಆದರೆ ಅವೆಲ್ಲ ಕೆಲವೇ ಜನರ, ಕೆಲವೇ ವಾರಗಳ ಅಧ್ಯಯನ.

ಖರ್ಚಿನ ಲೆಕ್ಕವೇ ಬೇರೆ. ಒಬ್ಬ ಅಜ್ಜಿಗೆ ಪಳಗಿದ ಕುದುರೆ, ಅದನ್ನು ಹಿಡಿಯುವವರು, ಪಕ್ಕದಲ್ಲಿ ನಡೆಯುವವರು, ಜೊತೆಗೆ ಫಿಸಿಯೋಥೆರಪಿಸ್ಟ್ ಬೇಕು. ಮೂಳೆ ಸವೆದವರಿಗೆ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಕುದುರೆಯಿಂದ ಬಿದ್ದರೆ ದೊಡ್ಡ ಅಪಾಯ. ಬೀಚಿನಲ್ಲಿ ಮಕ್ಕಳನ್ನು ಕೂರಿಸುವ ಸವಾರಿ ಚಿಕಿತ್ಸೆ ಅಲ್ಲವೇ ಅಲ್ಲ.

ಕುದುರೆಯಿಂದ ತಿಳಿಯುವ ಮುಖ್ಯ ಸಂಗತಿ ಒಂದೇ: ಎಪ್ಪತ್ತರಲ್ಲೂ ಬ್ಯಾಲೆನ್ಸ್ ಕಲಿಸಬಹುದು. ನ್ಯೂಜಿಲೆಂಡಿನ ಒಟಾಗೋ ವ್ಯಾಯಾಮ ಕ್ರಮದಲ್ಲಿ ಹಿರಿಯರು ಮನೆಯಲ್ಲೇ ಕಾಲಿನ ಬಲದ, ಬ್ಯಾಲೆನ್ಸಿನ ಅಭ್ಯಾಸ ಮಾಡುತ್ತಾರೆ. ಪ್ರಯೋಗಗಳಲ್ಲಿ ಬೀಳುವುದು ಸುಮಾರು ಶೇ. 35ರಷ್ಟು ಕಡಿಮೆಯಾಗಿತ್ತು. ಮಂಗಳೂರಿನಲ್ಲಿ ಫಿಸಿಯೋಥೆರಪಿ ಕಾಲೇಜುಗಳಿಗೆ ಬರ ಇಲ್ಲ. ವಾರಕ್ಕೊಮ್ಮೆ ವಾರ್ಡಿನಲ್ಲಿ ಇಂಥ ತರಬೇತಿ ಕೊಡಿಸಲು ಕುದುರೆ ಲಾಯ ಬೇಕಾಗಿಲ್ಲ.

ಉಳಿದದ್ದು ದಾರಿಯ ಪ್ರಶ್ನೆ. 2016ರಲ್ಲೇ ಸ್ಮಾರ್ಟ್ ಸಿಟಿ ಪಟ್ಟಿ ಸೇರಿದ ಊರಿನಲ್ಲಿ ಅಲುಗಾಡುವ ಸ್ಲ್ಯಾಬ್ ಸರಿಮಾಡಿಸುವುದು ಪಾಲಿಕೆಯ ಕೆಲಸ. ಅಂಗಡಿ ಮೆಟ್ಟಿಲಿಗೆ ಒಂದು ಹಿಡಿಕೆ, ಒದ್ದೆ ನೆಲಕ್ಕೆ ಒಂದು ಮ್ಯಾಟ್ ಹಾಕುವುದು ಅಂಗಡಿಯವರ ಕೈಯಲ್ಲೇ ಇದೆ.