ಪ್ರವಾಸಿಗರು ತಾರದೆ ಬಂದ ಸರಕು

ಉತ್ತರ ಯುರೋಪಿಗೆ ಹೋಗಿಬಂದ ನಮ್ಮವರ ಬರಹಗಳನ್ನು ಓದಿ ಓದಿ ಅವುಗಳ ಸೂತ್ರ ನನಗೆ ಬಾಯಿಪಾಠವಾಗಿದೆ. ಮೊದಲು ಕನ್ನಡಿಯಂಥ ರಸ್ತೆ; ಆಮೇಲೆ ನಡುರಾತ್ರಿಯ ಸೂರ್ಯ; ಮುಗಿಸುವಾಗ ‘ನಮ್ಮವರಿಗೆ ಈ ಬುದ್ಧಿ ಎಂದು ಬಂದೀತು?’ ಎಂಬ ನಿಟ್ಟುಸಿರು. ಇದರ ಮೇಲೆ, ‘ಏನಿದ್ದರೇನು, ಅಲ್ಲಿ ಮುದುಕರನ್ನು ಕೇಳುವವರಿಲ್ಲ’ ಎಂಬ ಸಮಾಧಾನದ ಮಾತೊಂದು ಬಿದ್ದರೆ ಪ್ರವಾಸಕಥನ ಸಂಪೂರ್ಣವಾಯಿತು. ಹೊಗಳಿಕೆಯೂ ಅಗ್ಗ, ತೆಗಳಿಕೆಯೂ ಅಗ್ಗ. ಇವೆರಡಕ್ಕಾಗಿ ಊರು ಬಿಡಬೇಕಾಗಿರಲಿಲ್ಲ.

ಒಂದು ಬೇಸಿಗೆಯಲ್ಲಿ ನಾನೂ ಒಬ್ಬನೇ ಆ ಕಡೆಗೆ ಹೋಗಿಬಂದೆ. ರಾಮತೀರ್ಥ ನಗರದ ಮನೆಯಿಂದ ಹೊರಟಾಗ ನೆರೆಯವರೊಬ್ಬರು, ‘ಸೂರ್ಯ ಮುಳುಗದ ಊರಿನ ಫೋಟೋ ತರ್ರಿ ಸರ’ ಎಂದಿದ್ದರು. ಅಂಥ ಸೂರ್ಯನನ್ನು ಕಾಣಲು ಆರ್ಕ್‌ಟಿಕ್ ವೃತ್ತದವರೆಗೆ ಹೋಗಬೇಕು. ಹೆಲ್ಸಿಂಕಿಯಲ್ಲಿ ಜೂನಿನಲ್ಲೂ ಆತ ಮುಳುಗುತ್ತಾನೆ. ಆ ಊರಿನಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಸೂರ್ಯನಲ್ಲ, ಬೀದಿಯ ಮೂಲೆಯ ಒಂದು ಫಲಕ. ಅದರಲ್ಲಿ ಬೀದಿಯ ಹೆಸರು ಎರಡು ಸಲ ಬರೆದಿತ್ತು: ಮೇಲೆ ಫಿನ್ನಿಷ್, ಕೆಳಗೆ ಸ್ವೀಡಿಷ್. ಬೆಳಗಾವಿಯವನಾದವನು ಇಂಥ ಫಲಕವನ್ನು ನೋಡಿಯೂ ನೋಡದಂತೆ ಹೋಗುವುದು ಹೇಗೆ?

ಫಿನ್ಲೆಂಡಿನಲ್ಲಿ ಸ್ವೀಡಿಷ್ ಮಾತೃಭಾಷೆಯವರು ನೂರಕ್ಕೆ ಸುಮಾರು ಐವರು. 1809ರವರೆಗೆ ಆ ನಾಡು ಸ್ವೀಡನ್ನಿನ ಕೈಯಲ್ಲಿತ್ತು. ಕಚೇರಿ, ಕೋರ್ಟುಗಳ ಮಾತು ಸ್ವೀಡಿಷ್. ಫಿನ್ನಿಷ್ ಎಂದರೆ ಒಕ್ಕಲಿನವರ ಮಾತು. 1863ರ ರಾಜಾಜ್ಞೆಯಿಂದ ಅದಕ್ಕೆ ಸರಕಾರದ ಬಾಗಿಲು ತೆರೆಯಿತು. ಈ ಕಥೆ ನಮಗೆ ಹೊಸದೇ? ಮುಂಬಯಿ ಆಡಳಿತದಲ್ಲಿ ಕನ್ನಡದ ಮಕ್ಕಳು ಮರಾಠಿ ಶಾಲೆಗೆ ಹೋಗುತ್ತಿದ್ದಾಗ ಡೆಪ್ಯುಟಿ ಚನ್ನಬಸಪ್ಪನವರು ಪಟ್ಟ ಪಾಡನ್ನು ನಾವು ಮರೆತಿಲ್ಲ. ಆದರೆ ಮುಂದಿನ ಅಧ್ಯಾಯ ಬೇರೆಯಾಯಿತು. 1917ರಲ್ಲಿ ಸ್ವತಂತ್ರರಾದ ಫಿನ್ನರು, ಅಧಿಕಾರ ಕೈಗೆ ಬಂದಿತೆಂದು ಹಳೆಯ ಒಡೆಯರ ಭಾಷೆಯನ್ನು ಅಳಿಸಲಿಲ್ಲ, ಎರಡನ್ನೂ ರಾಷ್ಟ್ರಭಾಷೆಯೆಂದರು. ಇಂದು ಒಂದು ಊರಿನಲ್ಲಿ ಅಲ್ಪಸಂಖ್ಯಾತ ಭಾಷಿಕರು ನೂರಕ್ಕೆ ಎಂಟರಷ್ಟಿದ್ದರೆ, ಅಥವಾ 3,000 ಮಂದಿಯಿದ್ದರೆ, ಅದು ದ್ವಿಭಾಷೆಯ ಊರು. ಗಲಾಟೆಯಿಲ್ಲ, ಎಣಿಕೆ ಅಷ್ಟೇ.

ಓಲಾಂಡ್ ದ್ವೀಪದವರು ಸ್ವೀಡನ್ನಿಗೆ ಸೇರಲು ಹಟ ಹಿಡಿದಿದ್ದರು. ರಾಷ್ಟ್ರಸಂಘವು 1921ರಲ್ಲಿ ದ್ವೀಪವನ್ನು ಫಿನ್ಲೆಂಡಿಗೇ ಉಳಿಸಿ, ಅವರ ಸ್ವೀಡಿಷ್ ಭಾಷೆಗೆ ರಕ್ಷಣೆ ಕೊಡಿಸಿತು. ವ್ಯಾಜ್ಯ ಸೋತರು, ಭಾಷೆ ಸೋಲಲಿಲ್ಲ. ಡೆನ್ಮಾರ್ಕ್ ಗಡಿಯ ಈಚೆಗೆ ಜರ್ಮನಿಯ ಫ್ಲೆನ್ಸ್‌ಬುರ್ಗ್ ಇದೆ. 1920ರ ಜನಮತದಿಂದ ಗಡಿ ನಿಂತಿತು. ಮನಸ್ಸು ನಿಲ್ಲಲು 1955 ಆಯಿತು. ಆ ವರ್ಷ ಎರಡು ಸರಕಾರಗಳೂ ತಮ್ಮ ತಮ್ಮ ಕಡೆಯ ಅಲ್ಪಸಂಖ್ಯಾತರಿಗೆ ಅಭಯವಿತ್ತವು. ಒಬ್ಬನು ತಾನು ಡೇನ್ ಎಂದರೆ ಯಾವ ಅಧಿಕಾರಿಯೂ ಅದನ್ನು ಪರೀಕ್ಷಿಸುವಂತಿಲ್ಲ.

ಅವರನ್ನು ನಾನು ದೇವರ ಪಟ್ಟಕ್ಕೆ ಏರಿಸುತ್ತಿಲ್ಲ. ನಾರ್ವೆಯವರು ಸಾಮಿ ಜನರ ಮಕ್ಕಳ ನಾಲಗೆಯನ್ನು ಶಾಲೆಯಲ್ಲಿ ತಲೆತಲಾಂತರ ಕಟ್ಟಿಹಾಕಿದರು. ಆ ತಪ್ಪಿನ ವರದಿ ಅವರ ಸಂಸತ್ತಿಗೆ ಬಂದದ್ದು 2023ರಲ್ಲಿ. ಒಳ್ಳೆಯತನ ಅವರ ಹವೆಯಲ್ಲಿಲ್ಲ; ಕಷ್ಟಪಟ್ಟು ಕಲಿತದ್ದು. ಕಲಿತದ್ದಾದರೆ ನಾವೂ ಕಲಿಯಬಹುದು.

ನಮ್ಮಲ್ಲಿ 2025ರ ಫೆಬ್ರುವರಿಯಲ್ಲಿ ಭಾಷೆಯ ಜಗಳದಿಂದ ಬಸ್ ಕಂಡಕ್ಟರೊಬ್ಬರಿಗೆ ಪೆಟ್ಟು ಬಿದ್ದು, ಎರಡು ರಾಜ್ಯಗಳ ನಡುವಿನ ಬಸ್ಸುಗಳೇ ನಿಂತವು. ‘ಹಾಗಾದರೆ ಕನ್ನಡದ ಹಕ್ಕು ಬಿಡಬೇಕೇನು?’ ಎಂದು ಕೆಲವರು ಹುಬ್ಬೇರಿಸಬಹುದು. ಕೂಡದು. ಬೆಳಗಾವಿ ಕರ್ನಾಟಕದ್ದೆಂದು ಮಹಾಜನ ಆಯೋಗ 1967ರಲ್ಲೇ ಹೇಳಿದೆ. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋದುದರಿಂದ ನನ್ನ ನಂಬಿಕೆ ಅಲುಗಿಲ್ಲ. ಆದರೆ ಮನೆ ತನ್ನದೆಂದು ಬಲ್ಲವನು ಬಾಗಿಲಲ್ಲಿ ಕೋಲು ಹಿಡಿದು ನಿಲ್ಲುವುದಿಲ್ಲ. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಎಲ್ಲ ರಾಜ್ಯಗಳಿಗೂ ಹೇಳಿದೆ. ಖಾನಾಪುರದ ಹಳ್ಳಿಯ ಮರಾಠಿ ಶಾಲೆಯನ್ನು ನಾವು ಚೆನ್ನಾಗಿ ನಡೆಸಿದಷ್ಟೂ ಜತ್ತ, ಅಕ್ಕಲಕೋಟೆಗಳ ಕನ್ನಡ ಶಾಲೆಗಾಗಿ ಗಟ್ಟಿಯಾಗಿ ಕೇಳುವ ಬಾಯಿ ನಮಗೆ ಬರುತ್ತದೆ. ಫ್ಲೆನ್ಸ್‌ಬುರ್ಗಿನ ಪಾಠ ಇಷ್ಟೇ.

ಇನ್ನೊಂದು ಮಾತು, ಇದು ನನಗೇ ಚುಚ್ಚುವ ಮಾತು. ಫಿನ್ನಿಷ್ ಬೆಳೆದದ್ದು ಸ್ವೀಡಿಷ್ ಫಲಕಕ್ಕೆ ಮಸಿ ಬಳಿದು ಅಲ್ಲ. ಆ ಭಾಷೆಯವರು ತಮ್ಮ ಮಕ್ಕಳನ್ನು ಅದರಲ್ಲಿಯೇ ಓದಿಸಿ, ವಿಶ್ವವಿದ್ಯಾಲಯದವರೆಗೆ ಏರಿಸಿದ್ದರಿಂದ. ತರಗತಿಯಲ್ಲಿ ಕನ್ನಡ ಬೋಧಿಸುವ ನನ್ನ ಮಗ ಓದಿದ್ದು ಇಂಗ್ಲಿಷ್ ಮಾಧ್ಯಮದಲ್ಲಿ. ಹೆಲ್ಸಿಂಕಿಯ ಫಲಕದ ಕೆಳಗೆ ನಿಂತಾಗ ನನಗೆ ಮೊದಲು ನೆನಪಾದದ್ದು ಇದೇ. ಬೆಳಗಾವಿಯಲ್ಲಿ ಕನ್ನಡವನ್ನು ತೆಳ್ಳಗೆ ಮಾಡುತ್ತಿರುವವನು ನೆರೆಯ ಮರಾಠಿಗನಲ್ಲ. ಶಾಲೆಯ ಅರ್ಜಿಗೆ ಸಹಿ ಹಾಕಿದ ನಾನು.

ಆದುದರಿಂದ ಮುಂದೆ ಆ ಕಡೆ ಹೋಗುವ ಮಹನೀಯರಲ್ಲಿ ನನ್ನದೊಂದು ಬಿನ್ನಹ. ರಸ್ತೆಯ ನುಣುಪನ್ನು ಬರೆಯಿರಿ, ಬೇಡವೆನ್ನುವುದಿಲ್ಲ. ಆದರೆ ಒಮ್ಮೆ ತಲೆಯೆತ್ತಿ ಫಲಕವನ್ನೂ ಓದಿರಿ. ಬರುವಾಗ ನಮ್ಮ ಊರಿಗೆ ತರಬೇಕಾದ ಸರಕು ಅದು. ಅದಕ್ಕೆ ವಿಮಾನದಲ್ಲಿ ತೂಕವೂ ಇಲ್ಲ, ಸುಂಕವೂ ಇಲ್ಲ.